ಜಾಲಿಮುಳ್ಳು ಮತ್ತು ಜಗಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠ ನನ್ನ ಪಾಲಿಗೆ ಬಂದಿತ್ತು. ‘ಸಾಂಕ್ರಾಮಿಕ ರೋಗ ತಡೆಯಲು ಸಮುದಾಯದ ಸಹಭಾಗಿತ್ವ ಅಗತ್ಯ’ ಎಂದು ಪಾಠಯೋಜನೆಯಲ್ಲಿ ಬರೆಯುವುದು ಸುಲಭ. ಅದು ಊರಲ್ಲಿ ಹೇಗಿರುತ್ತದೆಂದು ತಿಳಿಯಲು, ಪಾಠದ ಹಿಂದಿನ ದಿನವೇ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟೆ: ಕೊರೊನಾ ಬಂದಾಗ ನಮ್ಮೂರು ಏನು ಮಾಡಿತು? ಮನೆಯ ಹಿರಿಯರನ್ನು ಕೇಳಿ ಬನ್ನಿ.

ಹೆಚ್ಚಿನವರು ತಂದ ಉತ್ತರ ಒಂದೇ: ಊರ ದಾರಿಗೆ ಜಾಲಿಮುಳ್ಳು ಹಾಕಿದರು. ಅದು ಸಹಜವೇ. 2020ರ ಮಾರ್ಚ್ ಕೊನೆಯಲ್ಲಿ ಜಿಲ್ಲೆಯ ಮೊದಲ ಕೋವಿಡ್ ಸಾವು ಶಿರಾದವರದ್ದಾಗಿತ್ತು. ಪಾವಗಡದ ಸುತ್ತ ಬಹುಪಾಲು ಆಂಧ್ರದ ನೆಲ; ಹಿಂದೂಪುರ, ಮಡಕಶಿರಾದ ನೆಂಟರೂ ದೂರವಾದರು. ಬೆಂಗಳೂರಿನಿಂದ ಮರಳಿದ ಸ್ವಂತ ಊರಿನವರನ್ನೇ ಜನ ಅನುಮಾನದಿಂದ ನೋಡಿದರು. ಇದನ್ನೆಲ್ಲ ಚರ್ಚಿಸುವಾಗ ಒಬ್ಬ ಹುಡುಗಿ ಕೇಳಿದಳು: “ಮೇಡಂ, ಮುಳ್ಳು ಹಾಕಿದ್ರೆ 108 ಗಾಡಿ ಹೆಂಗೆ ಬರುತ್ತೆ?”

ಇನ್ನೊಂದು ಉತ್ತರವೂ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾದಾಗ ಊರಿನವರು ದೇವಸ್ಥಾನದ ಜಗಲಿ ಬಿಟ್ಟುಕೊಟ್ಟರು, ಮಕ್ಕಳು ದೂರ ದೂರ ಕೂತು ಕಲಿತರು. ಸೋಂಕಿನ ವರದಿಗಳು ಬಂದಾಗ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಮನೆ ಮನೆಗೆ ಬಂದು ಜ್ವರ, ಕೆಮ್ಮು ವಿಚಾರಿಸಿದ ಆಶಾ ಕಾರ್ಯಕರ್ತೆಯೂ ಅದೇ ಊರಿನ ಸೊಸೆ.

ಮುಳ್ಳು ಹಾಕಿದ್ದೂ ಊರೇ, ಜಗಲಿ ಕೊಟ್ಟಿದ್ದೂ ಊರೇ. ಸಮುದಾಯ ಯಾರೋ ಕರೆದ ಮೇಲೆ ಬರುವುದಿಲ್ಲ. ರೋಗದ ಸುದ್ದಿ ತಲುಪಿದ ದಿನವೇ ಏನಾದರೊಂದು ಮಾಡತೊಡಗುತ್ತದೆ. ಅದಕ್ಕೆ ಬೇಕಾದದ್ದು ತಿಳಿವಳಿಕೆ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು 14 ದಿನಗಳವರೆಗೂ ಹಿಡಿಯಬಹುದೆಂದು ಗೊತ್ತಿದ್ದರೆ, ಮರಳಿ ಬಂದವರನ್ನು ಊರಾಚೆ ನಿಲ್ಲಿಸಬೇಕಿಲ್ಲ. ಅಷ್ಟು ದಿನ ಬೇರೆ ಇರಿಸಿ ಊಟ ತಲುಪಿಸಿದರೆ ಸಾಕು.

ಮರುದಿನ ತರಗತಿಯನ್ನೇ ಗ್ರಾಮಸಭೆ ಮಾಡಿದೆವು. ಬಂದವರು ಎಲ್ಲಿರಬೇಕು, ರೇಷನ್ ಯಾರು ತರಬೇಕು, ವಯಸ್ಸಾದವರನ್ನು ಯಾರು ವಿಚಾರಿಸಬೇಕು ಎಂದು ಮಕ್ಕಳೇ ತೀರ್ಮಾನಿಸಿದರು. ದಾರಿಯಲ್ಲಿ ಮುಳ್ಳಿನ ಬದಲು ಇಬ್ಬರು ಕಾವಲಿಗೆ ಕೂರಬೇಕು, 108 ಬಂದರೆ ಬಿಡಬೇಕು ಎಂಬುದು ಆ ಹುಡುಗಿಯ ಸಲಹೆ. ಎಲ್ಲರೂ ಕೈಯೆತ್ತಿ ಒಪ್ಪಿದರು.

ಈ ಪಾಠ ತೆಗೆದುಕೊಳ್ಳುವ ಸಹಪಾಠಿಗಳಿಗೆ ನನ್ನದೊಂದು ಸೂಚನೆ: ಹಿರಿಯರನ್ನು ಕೇಳುವ ಚಟುವಟಿಕೆಯನ್ನು ಕೊನೆಗೆ ಗೃಹಪಾಠವಾಗಿ ಇಡಬೇಡಿ, ಮೊದಲಿಗೇ ಇಡಿ. ಊರಿನ ಅನುಭವ ಮುಂದಿದ್ದರೆ ವೈರಸ್ಸಿನ ಪಾಠ ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ.