ತಳಿಯ ಮೇಜಿನ ಮೇಲೆ ಒಂದು ಸಾಲದ ಕಾರ್ಡು

ಹೊಸೂರಿನ ಬಸ್ ನಿಲ್ದಾಣದಲ್ಲಿ ತಳಿ ಬಸ್ಸು ಹತ್ತಿ ಕೂತಿದ್ದೀರಿ. ಕಂಡಕ್ಟರ್ ಚೀಟಿ ಕೊಡುವುದು ತಮಿಳಿನಲ್ಲಿ, ಪಕ್ಕದ ಸೀಟಿನ ಅಜ್ಜ ಟೊಮೆಟೊ ರೇಟು ವಿಚಾರಿಸುವುದು ಕನ್ನಡದಲ್ಲಿ, ಹಿಂದಿನ ಸೀಟಿನ ಜಗಳ ತೆಲುಗಿನಲ್ಲಿ. ಕಿಟಕಿಯಾಚೆ ಗುಲಾಬಿಯ ಪಾಲಿಹೌಸ್‌ಗಳು, ನಡುನಡುವೆ ರಾಗಿ ಹೊಲ. ತಮಿಳುನಾಡಿನ ಗಡಿಯೂರು ತಳಿಯಲ್ಲಿ ಇಳಿಯುತ್ತೀರಿ. ಇಲ್ಲಿಂದ ಆನೇಕಲ್ ಕಡೆಗೆ ಹೊರಟರೆ ಕರ್ನಾಟಕ ದೂರವೇನಿಲ್ಲ.

ಅರ್ಧ ಎತ್ತಿದ ಶಟರ್‌ನ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗಿ. ಒಂದು ಮೇಜು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಸ್ಟಾಂಪ್ ಪ್ಯಾಡ್, ಉದ್ದನೆಯ ರಿಜಿಸ್ಟರ್. ಮೇಜಿನ ಹಿಂದೆ ನಿವೃತ್ತ ಮೇಷ್ಟ್ರು ಒಬ್ಬರು, ಅವರ ಪಕ್ಕ ಕಾನೂನು ಸೇವಾ ಪ್ರಾಧಿಕಾರದ ತರಬೇತಿ ಪಡೆದ ಹುಡುಗಿ. ಇದೊಂದು ಸಲಹಾ ಕೇಂದ್ರ, ಇಲ್ಲಿ ಸಲಹೆಗೆ ದುಡ್ಡಿಲ್ಲ. ಬಂದವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಸೀರೆಯ ಸೆರಗಿನಿಂದಲೋ ಪ್ಲಾಸ್ಟಿಕ್ ಕವರಿನಿಂದಲೋ ಕಾಗದ ತೆಗೆಯುತ್ತಾರೆ.

ಈಗ ಕೂತಿರುವಾಕೆ ತಂದದ್ದು ಸಾಲದ ಕಾರ್ಡು. ಮಡಿಚಿ ಮಡಿಚಿ ಮಧ್ಯೆ ಹರಿದಿದೆ, ಹರಿದಲ್ಲಿ ಸೆಲೋಟೇಪು. ಎಡಕ್ಕೆ ತಾರೀಖು, ಬಲಕ್ಕೆ ವಸೂಲಿಯವನ ಸಹಿ, ಎಲ್ಲ ತಮಿಳಿನಲ್ಲಿ. ಆಕೆ ಓದಿದ್ದು ಇಲ್ಲಿನ ಸರ್ಕಾರಿ ಕನ್ನಡ ಶಾಲೆಯಲ್ಲಿ, ಐದನೇ ಕ್ಲಾಸಿನವರೆಗೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಶಾಲೆ ಸೇರಿದ ಮಗಳಿಗೆ ತಮಿಳು ಬರುತ್ತದೆ. ಮಗಳು ಅಕ್ಷರ ಓದಿ ಹೇಳಿದ್ದಾಳೆ, ಆದರೆ ಆ ಲೆಕ್ಕದ ಮಾತುಗಳ ಅರ್ಥ ಇಬ್ಬರಿಗೂ ಹತ್ತಿಲ್ಲ.

"ಐವತ್ತು ಸಾವಿರ ಅಂತ ಬರ್ದವ್ರೆ ಸಾರ್. ನನ್ ಕೈಗೆ ಬಂದಿದ್ದು ಕಮ್ಮಿ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ತೋರಿಸುತ್ತಾರೆ. "ಇಲ್ಲಿ ನೋಡಮ್ಮ. ಇದು ಅರ್ಜಿ ಖರ್ಚು. ಇದು ಇನ್ಶೂರೆನ್ಸು. ಇನ್ಶೂರೆನ್ಸ್ ಬೇಕು ಅಂತ ನೀನೇನಾದ್ರೂ ಕೇಳಿದ್ಯಾ?"

"ನಾನ್ಯಾಕ್ ಕೇಳ್ಲಿ? ಸೈನ್ ಹಾಕು ಅಂದ್ರು, ಹಾಕ್ದೆ."

ಈ ಕೋಣೆಯಲ್ಲಿ ಹೆಚ್ಚು ಕೇಳುವ ಮಾತೇ ಇದು. ಅರ್ಥವಾಗದ ಭಾಷೆಯ ಕಾಗದಕ್ಕೆ ಹಾಕಿಸಿಕೊಂಡ ಸಹಿಯನ್ನು ಒಪ್ಪಿಗೆ ಎನ್ನುವುದು ಅನ್ಯಾಯ. ನಾನು ಹಾಗೆ ಹೇಳುವುದಷ್ಟೇ ಅಲ್ಲ, ರಿಸರ್ವ್ ಬ್ಯಾಂಕೂ ಅದನ್ನು ಒಪ್ಪುವುದಿಲ್ಲ. 2022ರ ಮಾರ್ಚ್‌ನಲ್ಲಿ ಅದು ಹೊರಡಿಸಿದ ಕಿರುಸಾಲದ ನಿರ್ದೇಶನದ ಪ್ರಕಾರ ಕಾರ್ಡಿನ ಬರಹವೆಲ್ಲ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ವಿಮೆಯಂಥದ್ದನ್ನು ಪೂರ್ಣ ಒಪ್ಪಿಗೆ ಇದ್ದರೆ ಮಾತ್ರ ಕೊಡಬಹುದು. ಸಾಲದ ವಿವರಪತ್ರದಲ್ಲಿ ಕಾಣದ ಒಂದು ರೂಪಾಯಿಯನ್ನೂ ವಸೂಲಿ ಮಾಡುವಂತಿಲ್ಲ. ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನು ಮಾಡಿ ಪೀಡಿಸುವಂತಿಲ್ಲ, ನೆಂಟರನ್ನು ಕಾಡುವಂತಿಲ್ಲ.

ಹುಡುಗಿ ಈಗ ಮತ್ತೊಂದು ಲೆಕ್ಕ ಹಾಕುತ್ತಿದ್ದಾಳೆ. ಈ ಮನೆಯಲ್ಲಿ ಸಾಲ ಮೂರು. ತಿಂಗಳ ಡ್ಯೂ ₹3,400, ₹2,900, ₹3,100, ಕೂಡಿದರೆ ₹9,400. ಗಂಡ ಹೆಂಡತಿ ಇಬ್ಬರ ದುಡಿಮೆ ಸೇರಿ ₹16,000. ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎನ್ನುವುದು ಅದೇ ನಿರ್ದೇಶನ. ಅರ್ಧವೆಂದರೆ ₹8,000. ಮೂರನೇ ಸಾಲ ಕೊಟ್ಟವರು ಇದನ್ನು ನೋಡಿಕೊಳ್ಳಬೇಕಿತ್ತು. ಹುಡುಗಿ ₹9,400ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾಳೆ. ಕಾರ್ಡು ತಂದಾಕೆ ಅದನ್ನೇ ನೋಡುತ್ತಾ, "ಹಂಗಾದ್ರೆ ತಪ್ಪು ನಂದೊಬ್ಳುದೇ ಅಲ್ವಾ ಸಾರ್?" ಅನ್ನುತ್ತಾರೆ. ಸಾಲ ತೀರಿಸಲಾಗದವಳು ಎಂಬ ಮಾತನ್ನು ಬೀದಿಯಲ್ಲಿ ಕೇಳಿಸಿಕೊಂಡವರು ಮಾತ್ರ ಆ ಪ್ರಶ್ನೆ ಕೇಳಬಲ್ಲರು.

ಈ ನಿಯಮಗಳು ತಾವಾಗಿ ಬಂದವಲ್ಲ. 2009ರಲ್ಲಿ ಪಕ್ಕದ ಕೋಲಾರದಲ್ಲಿ ಅನೇಕರು ಕಿರುಸಾಲದ ಕಂತು ಕಟ್ಟುವುದನ್ನೇ ನಿಲ್ಲಿಸಿದರು. 2010ರಲ್ಲಿ ಆಂಧ್ರದಲ್ಲಿ ವಸೂಲಿಯ ಕಾಟಕ್ಕೆ ಜನ ಜೀವ ಬಿಟ್ಟರು, ಸರ್ಕಾರ ಸುಗ್ರೀವಾಜ್ಞೆ ತಂದಿತು. ಆಮೇಲೆ ಕಿರುಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೇಗಾಂ ಸಮಿತಿ, ಅದರ ಬೆನ್ನಿಗೆ ನಿಯಮ. 2025ರಲ್ಲಿ ಕರ್ನಾಟಕವೂ ತಮಿಳುನಾಡೂ ಬಲವಂತದ ವಸೂಲಿಯ ವಿರುದ್ಧ ಒಂದೊಂದು ಕಾಯ್ದೆ ಮಾಡಿದವು. ಗಡಿಯ ಎರಡೂ ಕಡೆ ಹೆಂಗಸರು ಅನುಭವಿಸಿದ್ದು ಒಂದೇ.

ಮೇಷ್ಟ್ರ ರಿಜಿಸ್ಟರಿನ ಕೊನೆಯ ಕಾಲಂ ನೋಡಿ. ಹೆಸರು, ಊರು, ದೂರು, ಕೊಟ್ಟ ಸಲಹೆ ಆದ ಮೇಲೆ ಅಲ್ಲಿರುವುದು 'ಮೊದಲೂ ಬಂದಿತ್ತೇ?' ಎಂಬ ಪ್ರಶ್ನೆ. ಒಂದೇ ದೂರು ಮತ್ತೆ ಮತ್ತೆ ಬಂದರೆ ಅದು ಸೋಮವಾರ ಕೃಷ್ಣಗಿರಿ ಕಲೆಕ್ಟರ್ ಕಚೇರಿಯ ಕುಂದುಕೊರತೆ ದಿನಕ್ಕೆ ಮನವಿಯಾಗಿ ಹೋಗುತ್ತದೆ. ಸಲಹೆ ಕೊಡುವವರು ಕಾನೂನು ತಿದ್ದುಪಡಿಗೂ ದನಿ ಎತ್ತಬೇಕು ಎಂಬುದು ಹಳೆಯ ತಿಳಿವಳಿಕೆ. 1939ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಶುರುವಾದ ವಾರದಲ್ಲೇ, ಬ್ರಿಟನ್ನಿನಲ್ಲಿ ನಾಗರಿಕ ಸಲಹಾ ಕೇಂದ್ರಗಳು ತೆರೆದವು. ಸಲಹೆ ಒಂದು ಗುರಿ, ನೀತಿ ಸುಧಾರಣೆ ಇನ್ನೊಂದು ಗುರಿ ಎಂದು ಅವು ಈಗಲೂ ಹೇಳಿಕೊಳ್ಳುತ್ತವೆ. ನಮ್ಮಲ್ಲಿ ಬಸ್ರೂರಿನ ಬಳಕೆದಾರರ ವೇದಿಕೆ 1980ರಲ್ಲೇ ಹುಟ್ಟಿತು, ಡಾ. ರವೀಂದ್ರನಾಥ ಶಾನುಭಾಗರ ದುಡಿಮೆಯಲ್ಲಿ ಬೆಳೆಯಿತು. 1985ರಲ್ಲಿ ಚೆನ್ನೈಯಲ್ಲಿ ಕನ್ಸ್ಯೂಮರ್ ಆಕ್ಷನ್ ಗ್ರೂಪ್ ಬಂತು. ದೇಶಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆ ಸಿಕ್ಕಿದ್ದು ಆಮೇಲೆ, 1986ರಲ್ಲಿ.

ನಡುವೆ ಅಂಚೆಟ್ಟಿ ಕಡೆಯ ಹುಡುಗನೊಬ್ಬ ಬಂದು ನಿಂತಿದ್ದಾನೆ. ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಕೆಲಸ. ಬೆಂಗಳೂರಿನಲ್ಲಿ ಕೊಂಡ ಫೋನು ತಿಂಗಳೊಳಗೆ ಕೆಟ್ಟಿದೆ. ಕೇಸು ಹಾಕುವುದಾದರೆ ಬೆಂಗಳೂರಿಗೇ ಬಂದು ಹಾಕು ಎಂದಿದ್ದಾರಂತೆ ಅಂಗಡಿಯವರು. ಹಾಗೇನಿಲ್ಲ. 2019ರ ಹೊಸ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ ₹5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಅವನಿಗೆ ಕೃಷ್ಣಗಿರಿ ಸಾಕು. ಮೊದಲು 1915ಕ್ಕೆ ಫೋನು ಮಾಡು, ಕನ್ನಡದಲ್ಲೇ ಮಾತಾಡು ಎಂದು ಹುಡುಗಿ ನಂಬರ್ ಬರೆದುಕೊಡುತ್ತಾಳೆ. ಗಡಿನಾಡಿನವರಿಗೆ ಇಷ್ಟು ಉಪಕಾರ ಮಾಡಿದ ಕಾಯ್ದೆ ಕಡಿಮೆ.

ಈ ಕಡೆ ಮೇಷ್ಟ್ರು ಸಾಲದ ಕಾರ್ಡಿನಾಕೆಯ ಅರ್ಜಿ ಬರೆದು ಮುಗಿಸಿದ್ದಾರೆ. ಮೊದಲು ಅದು ಸಾಲ ಕೊಟ್ಟ ಕಂಪನಿಗೇ ಹೋಗಬೇಕು, ಸ್ಪೀಡ್ ಪೋಸ್ಟಿನಲ್ಲಿ. 30 ದಿನದೊಳಗೆ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್. ಕಾಗದದ ದೂರು ತಳಿಯಿಂದ ಚಂಡೀಗಢಕ್ಕೆ ಹೋಗುತ್ತದೆ, ಅದಕ್ಕೂ ದುಡ್ಡಿಲ್ಲ. "ಅಂಚೆ ರಸೀತಿ ಕಳ್ಕೋಬೇಡಮ್ಮ, ಕಾರ್ಡಿನ ಜೊತೇಲೇ ಇಟ್ಕೋ. ಡ್ಯೂ ಮಾತ್ರ ನಿಲ್ಲಿಸ್ಬೇಡ, ಆಗದ ತಿಂಗಳು ಬರವಣಿಗೇಲಿ ತಿಳಿಸು."

ಆಕೆ ಅರ್ಜಿಯನ್ನು ತಾವೇ ಓದುತ್ತಾರೆ, ಬೆರಳು ಸಾಲಿನಿಂದ ಸಾಲಿಗೆ. ಮೇಷ್ಟ್ರು ಬರೆದಿರುವುದು ಕನ್ನಡದಲ್ಲಿ, ಹಿಂದೆ ಇಂಗ್ಲಿಷ್ ಪ್ರತಿ ಲಗತ್ತಿಸಿದ್ದಾರೆ. ವಿಮೆಯ ದುಡ್ಡು ವಾಪಸ್ ಕೊಡಿ, ಕಾರ್ಡು ಕನ್ನಡದಲ್ಲಿ ಕೊಡಿ ಎಂಬಲ್ಲಿ ಬೆರಳು ನಿಲ್ಲುತ್ತದೆ. ಸಹಿ ಹಾಕಿ ಏಳುವಾಗ ಕೇಳುತ್ತಾರೆ:

"ನಮ್ ಸಾಲದ್ ಗುಂಪಲ್ಲಿ ಇನ್ನೂ ಆರು ಜನಕ್ಕೆ ತಮಿಳು ಓದಕ್ ಬರಲ್ಲ ಸಾರ್. ಅವ್ರನ್ನೂ ಕರ್ಕೊಂಡ್ ಬರ್ಲಾ?"

"ಕಾರ್ಡೆಲ್ಲ ತಗೊಂಡು ಬರ್ಲಿ," ಅನ್ನುತ್ತಾ ಮೇಷ್ಟ್ರು ರಿಜಿಸ್ಟರಿನಲ್ಲಿ ಆರು ಸಾಲು ಖಾಲಿ ಬಿಡುತ್ತಾರೆ.