ದಾರ ಕಟ್ಟಿದ ಮೇಣದಬತ್ತಿ

ರೋಮ್. 1821ರ ಜನವರಿ 28, ಬೆಳಗಿನ ಜಾವ ಮೂರು ಗಂಟೆ. ಸ್ಪ್ಯಾನಿಷ್ ಮೆಟ್ಟಿಲುಗಳ ಮಗ್ಗುಲಿನ ಮನೆಯ ಮಹಡಿ ಹತ್ತಿ ಬಂದಿದ್ದೀರಿ. ಕಿರಿದಾದ ಕೋಣೆ, ಒಂದು ಮಂಚ. ಹಗಲಿನ ಗದ್ದಲದಲ್ಲಿ ಅಡಗಿದ್ದ ಸದ್ದೊಂದು ಈಗ ಕಿಟಕಿಯಿಂದ ಒಳಬರುತ್ತಿದೆ: ಕೆಳಗಿನ ಚೌಕದಲ್ಲಿ, ದೋಣಿಯಾಕಾರದ ಕಾರಂಜಿಯ ನೀರು.

ಮಂಚದ ಮೇಲಿರುವವನು ಇಂಗ್ಲಿಷ್ ಕವಿ ಜಾನ್ ಕೀಟ್ಸ್. ವಯಸ್ಸು 25. ಒದ್ದೆ ಕೂದಲು ಹಣೆಗೆ ಅಂಟಿದೆ, ಕಣ್ಣು ಮುಚ್ಚಿವೆ. ಪಕ್ಕದಲ್ಲಿ ಗೆಳೆಯ ಜೋಸೆಫ್ ಸೆವರ್ನ್, ಚಿತ್ರಕಾರ. ತನಗೆ ನಿದ್ದೆ ಹತ್ತಬಾರದೆಂದು ಆ ಮುಖವನ್ನೇ ಬರೆಯುತ್ತಿದ್ದಾನೆ. ಲೇಖನಿಯ ಗೀರು, ರೋಗಿಯ ಎದೆಯ ಗೊರಗೊರ, ಕೆಳಗಿನ ನೀರು, ಮತ್ತೇನೂ ಕೇಳಿಸದು.

1819ರಲ್ಲಿ ಕೀಟ್ಸ್ ವಿಷಾದವನ್ನು ಕುರಿತು ಒಂದು ಪ್ರಗಾಥ ಬರೆದಿದ್ದ. ಇದೇ ಕ್ಷಯದಿಂದ ಅವನ ತಮ್ಮ ಟಾಮ್ ತೀರಿಕೊಂಡು ಇನ್ನೂ ಬಹಳ ಕಾಲವಾಗಿರಲಿಲ್ಲ. ಆದರೂ ಆ ಕವಿತೆ ವಿಷದ ಬೇರಿನತ್ತ ಹೋಗಬೇಡವೆಂದು ತಡೆಯುತ್ತದೆ, ಹೂವಿನತ್ತ ಕೈತೋರುತ್ತದೆ. ಸುಖದ ರುಚಿ ಬಲ್ಲ ನಾಲಿಗೆಗೇ ವಿಷಾದವೂ ದಕ್ಕುವುದು ಎನ್ನುತ್ತದೆ.

ಆ ನಾಲಿಗೆಗೆ ಈ ಚಳಿಗಾಲದಲ್ಲಿ ಡಾ. ಜೇಮ್ಸ್ ಕ್ಲಾರ್ಕ್ ವಿಧಿಸಿದ ಪಥ್ಯ: ದಿನಕ್ಕೊಂದು ಆಂಚೊವಿ ಮೀನು, ಒಂದು ಚೂರು ಬ್ರೆಡ್ಡು. ಅದರ ಮೇಲೆ ಮೈಯಿಂದ ರಕ್ತ ತೆಗೆಯುವ ಚಿಕಿತ್ಸೆ. ಔಷಧವಿದ್ಯೆ ಕಲಿತ ಕೀಟ್ಸನಿಗೆ ಮುಂದೇನೆಂದು ಗೊತ್ತು. ಅಫೀಮಿನ ದ್ರಾವಣದ ಶೀಶೆ ಕೊಡೆಂದು ಅಂಗಲಾಚಿದ. ಸೆವರ್ನ್ ಅದನ್ನು ಡಾಕ್ಟರ ಕೈಗೆ ಒಪ್ಪಿಸಿಬಿಟ್ಟ. ಸತ್ತ ಮೇಲಿನ ಈ ಬಾಳು ಇನ್ನೆಷ್ಟು ದಿನ ಎಂದು ರೋಗಿ ಡಾಕ್ಟರನ್ನೇ ಕೇಳುತ್ತಾನೆ. ಇನ್ನು 26 ದಿನ.

ಪ್ರೇಯಸಿ ಫ್ಯಾನಿ ಬ್ರಾನ್ ಬರೆದ ಕಾಗದಗಳನ್ನು ಒಡೆದು ಓದುವಷ್ಟೂ ಅವನ ಎದೆ ಗಟ್ಟಿಯಿಲ್ಲ. ಅವು ಅವನೊಂದಿಗೇ ಮಣ್ಣಿಗೆ ಹೋಗಲಿವೆ. ಈ ಕೋಣೆಯಲ್ಲಿ ಒಂದು ಕವಿತೆಯೂ ಹುಟ್ಟಲಿಲ್ಲ. ವಿಷಾದಕ್ಕೆ ಲೋಕದ ಮೇಲೆ ಇನ್ನೂ ಆಸೆಯಿರುತ್ತದೆ, ಅದಕ್ಕೇ ಅದು ಹಾಡುತ್ತದೆ. ಹತಾಶೆಗೆ ಶೀಶೆ ಸಾಕು.

ಆದರೂ ಒಂದು ರಾತ್ರಿ ಸೆವರ್ನ್ ಬತ್ತಿಯಿಂದ ಬತ್ತಿಗೆ ದಾರ ಕಟ್ಟಿಟ್ಟಿದ್ದ. ಒಂದು ಮುಗಿಯುವಷ್ಟರಲ್ಲಿ ಕಿಡಿ ದಾರದ ಮೇಲೆ ಹರಿದು ಇನ್ನೊಂದು ಹೊತ್ತಿಕೊಂಡಿತು. ಕಣ್ಣುಬಿಟ್ಟ ಕೀಟ್ಸ್, ದೀಪ ಹಚ್ಚುವ ಕಿನ್ನರ ಬಂದನೆಂದು ಕೂಗಿದ. ಆ ಗಳಿಗೆ ಮಂಚದ ಮೇಲಿದ್ದವನು ಕವಿ.

ಸೆವರ್ನ್ ಚಿತ್ರದ ಕೆಳಗೆ ತಾರೀಖು, ಗಂಟೆ ಬರೆಯುತ್ತಾನೆ. ರಾತ್ರಿಯಿಡೀ ಬಿಡದ ಬೆವರನ್ನೂ ಬರೆದಿಡುತ್ತಾನೆ. ಮೇಣದಬತ್ತಿ ಗಿಡ್ಡವಾಗಿದೆ. ಇವತ್ತೂ ದಾರ ಕಟ್ಟಿದ್ದಾನೆಯೇ ಎಂದು ನೀವು ಬಗ್ಗಿ ನೋಡುತ್ತೀರಿ.