ಆಮೆ ಲೈಟು

ನಮ್ಮ ಮನೆ ಕಾರಿನ ಮೀಟರಿನಲ್ಲಿ ಒಂದು ಹಳದಿ ಆಮೆ ಇತ್ತು. ಚೆಕ್ ಎಂಜಿನ್ ಲೈಟಿಗೆ ಅಮ್ಮ ಇಟ್ಟ ಹೆಸರು ಅದು. ಎಂಜಿನ್ ಚಿತ್ರ ಕಣಮ್ಮಾ ಅಂತ ಎಷ್ಟು ಹೇಳಿದ್ರೂ ಅಮ್ಮನಿಗೆ ಅದು ಆಮೆಯೇ. "ಆಮೆ ಬಂತು ನೋಡ್ರಿ" ಅಂದ ತಕ್ಷಣ ಅಪ್ಪ ಡ್ಯಾಶ್‌ಬೋರ್ಡಿಗೆ ಒಂದು ಏಟು ಹಾಕೋರು. ಎರಡು ಮೂರು ದಿನಕ್ಕೆ ಲೈಟು ತಾನೇ ಹೋಗೋದು. ಏಟಿಗೇ ಹೋಯ್ತು ಅಂತ ಅಪ್ಪ. ವಾರ ಕಳೆಯೋದ್ರೊಳಗೆ ಮತ್ತೆ ಹಾಜರ್.

ನಾವು ಅಂದ್ರೆ ಅಣ್ಣ-ತಂಗಿ. ಒಬ್ಬರು ಇದೇ ಕ್ಯಾಂಪಸ್ಸಿನಲ್ಲಿ ಎರಡನೇ ವರ್ಷ, ಇನ್ನೊಬ್ಬಳು ಚನ್ನಗಿರಿಯಲ್ಲಿ ಸೆಕೆಂಡ್ ಪಿಯುಸಿ. ಇಬ್ಬರದ್ದೂ ಇಂಗ್ಲಿಷ್ ಮೀಡಿಯಮ್ಮು, ಒತ್ತಕ್ಷರ ತಪ್ಪಿದ್ರೆ ಬೈಕೊಳ್ಳದೆ ಓದಿ.

ಕಾರು 2014ರ ಮಾಡೆಲ್, ಪೆಟ್ರೋಲ್, ನಮ್ಮ ಕೈಗೆ ಬಂದಾಗಲೇ ಸೆಕೆಂಡ್ ಹ್ಯಾಂಡ್. ಅಪ್ಪನ ಜೆರಾಕ್ಸ್ ಅಂಗಡಿಗೆ ದಾವಣಗೆರೆಯಿಂದ ಪೇಪರ್ ಬಂಡಲ್ ತರೋದು ಅದರಲ್ಲೇ. ಆಮೆ ಮೊದಲ ಸಲ ಬಂದಾಗ ಗ್ಯಾರೇಜಿನವರು ಸ್ಕ್ಯಾನ್ ಮಾಡಿ, ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದ್ರು. ಮೂರೂವರೆ ಸಾವಿರ ಕೊಟ್ಟು ಹೊಸದು ಹಾಕಿಸಿದ್ವಿ. ಹನ್ನೊಂದನೇ ದಿನ ಆಮೆ ವಾಪಸ್. ಆಮೇಲೆ ಬಸ್‌ ಸ್ಟ್ಯಾಂಡಿನಿಂದ ಹಿಡಿದು ಕಟಿಂಗ್ ಶಾಪಿನವರೆಗೆ ಎಲ್ಲರದ್ದೂ ಒಂದೇ ತೀರ್ಪು: "ಈಗಿನ ಪೆಟ್ರೋಲ್‌ನಾಗೆ ಎಥೆನಾಲ್ ಐತಲ್ರೀ, ಹಳೇ ಗಾಡಿಗೆ ಆಗಿಬರಲ್ಲ." ಇ20 ಬಂದ ಮೇಲೆ ಊರಲ್ಲಿ ಕಾರಿಗೆ ಏನಾದ್ರೂ ಕಾರಣ ಅದೊಂದೇ. ಅಪ್ಪನೂ ನಂಬಿಬಿಟ್ಟರು.

ಎರಡನೇ ಸೆಮ್ ಮುಗಿಸಿ ಊರಿಗೆ ಹೋಗುವಾಗ ಹಾಸ್ಟೆಲ್ ಗೆಳೆಯನ ಬ್ಲೂಟೂತ್ ಸ್ಕ್ಯಾನರ್ ಕೇಳಿ ತಂದಿದ್ವಿ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಒಬಿಡಿ ಸಾಕೆಟ್ ಇರುತ್ತೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಒಬಿಡಿ-2 ಕಡ್ಡಾಯ, ನಮ್ಮಲ್ಲಿ 2010ರ ನಂತರ ಹಂತಹಂತವಾಗಿ ಬಂತು. ಸ್ಕ್ಯಾನರ್ ಚುಚ್ಚಿದ್ವಿ, ಫೋನಿನಲ್ಲಿ ಬಂದ ಕೋಡ್ ಪಿ0135. ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್. ಎಥೆನಾಲ್ ಕಾಟ ಆಗಿದ್ರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅನ್ನೋ ಕೋಡ್ ಬರಬೇಕಿತ್ತು, ಯಾಕಂದ್ರೆ ಎಥೆನಾಲಿನಲ್ಲೇ ಆಕ್ಸಿಜನ್ ಇದೆ. ಹೀಟರಿಗೂ ಅದಕ್ಕೂ ಏನು ಸಂಬಂಧ? ಈ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾದ ಮೇಲೇ ಸರಿಯಾಗಿ ಕೆಲಸ ಮಾಡೋದು. ಬೇಗ ಬಿಸಿ ಮಾಡೋಕೆ ಒಳಗೊಂದು ಪುಟ್ಟ ಹೀಟರ್. ಅದು ಇಲ್ಲದಿದ್ರೂ ಗಾಡಿ ಓಡುತ್ತೆ, ಆದ್ರೆ ಹೊಗೆಯ ಬಿಸಿಗೇ ಸೆನ್ಸರ್ ಕಾಯೋವರೆಗೂ ಇಸಿಯು ಅಂದಾಜಿನ ಮೇಲೆ ಪೆಟ್ರೋಲ್ ಸುರೀತಿರುತ್ತೆ.

ಇಷ್ಟು ಗೊತ್ತಾದಾಗ ನಮಗೆ ಖುಷಿಯಾಗಿತ್ತು. ಅಷ್ಟರಲ್ಲಿ ಅಪ್ಪ ಕಾರು ಮಾರೋ ಮಾತು ತೆಗೆದ್ರು. ಎರಡನೇ ವರ್ಷದ ಫೀಸು ಕಟ್ಟಬೇಕಿತ್ತು. ಬ್ರೋಕರ್ ಒಬ್ಬರು ಬಂದು ಆಮೆ ನೋಡಿ, ಕೇಳಿದ ರೇಟಿಗಿಂತ ಇಪ್ಪತ್ತೈದು ಸಾವಿರ ಇಳಿಸಿ ಹೋಗಿದ್ರು. ಮುಂದಿನ ಭಾನುವಾರ ಹೊನ್ನಾಳಿ ಕಡೆಯವರು ಬರ್ತಾರೆ ಅಂದಾಗ ಅಪ್ಪ ನಮ್ಮ ಮುಖ ನೋಡದೇ ಹೇಳಿದ್ರು: "ಆವತ್ತೊಂದಿನ ಅದು ಹತ್ತದಂಗೆ ಮಾಡಾಕ್ ಆಗ್ತತೇನ್ರೋ?"

ಆಗುತ್ತೆ. ಆ್ಯಪಿನಲ್ಲಿ 'ಕ್ಲಿಯರ್ ಕೋಡ್ಸ್' ಒತ್ತಿದ್ರೆ ಹತ್ತು ಸೆಕೆಂಡು. ಈ ಥರದ ಕೋಡಿಗೆ ಸಾಮಾನ್ಯವಾಗಿ ಒಂದರ ಹಿಂದೊಂದು ಎರಡು ಡ್ರೈವ್‌ನಲ್ಲಿ ತಪ್ಪು ಕಂಡಾಗಲೇ ಲೈಟು ಹತ್ತೋದು. ಮೂರು ಡ್ರೈವ್ ತಪ್ಪು ಕಾಣದಿದ್ರೆ ತಾನೇ ಆರುತ್ತೆ. ಅಪ್ಪನ ಏಟಿನ ರಹಸ್ಯ ಅದೇ. ಅಂದ್ರೆ ಅಳಿಸಿದ ಮೇಲೆ ಟೆಸ್ಟ್ ಡ್ರೈವ್‌ನಲ್ಲಿ ಆಮೆ ಬರೋ ಪ್ರಶ್ನೆಯೇ ಇಲ್ಲ. ಶನಿವಾರ ರಾತ್ರಿ ಒತ್ತಿದ್ವಿ. ಇಬ್ಬರಲ್ಲಿ ಯಾರ ಬೆರಳು ಅಂತ ಬರೆಯಲ್ಲ.

ಬಂದ ಯಜಮಾನ್ರಿಗೆ ಅರವತ್ತರ ಮೇಲಾಗಿತ್ತು, ಜೊತೆಗೆ ಮೊಮ್ಮಗ. ಹೆಂಡತಿಯನ್ನ ತಿಂಗಳಿಗೊಮ್ಮೆ ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಗಾಡಿ ಬೇಕಂತೆ. ಒಂದು ರೌಂಡ್ ಹೊಡೆದು ಬಂದ್ರು. ಅಪ್ಪನ್ನ ಬಿಟ್ಟು ನಮ್ಮನ್ನ ಕೇಳಿದ್ರು: "ಓದಿದ್ ಹುಡುಗ್ರು ನೀವು ಹೇಳ್ರಪಾ, ಗಾಡಿ ಏನಾರ ತಕರಾರು ಐತಾ?"

"ಏನೂ ಇಲ್ಲ ಯಜಮಾನ್ರೇ" ಅಂದ್ವಿ. ಇಬ್ಬರೂ, ಒಟ್ಟಿಗೆ, ಸ್ಕೂಲಲ್ಲಿ ಪ್ರಾರ್ಥನೆ ಹೇಳಿದ ಹಾಗೆ.

ಐದು ಸಾವಿರ ಅಡ್ವಾನ್ಸ್ ಕೊಟ್ಟು, ಮುಂದಿನ ಭಾನುವಾರ ಬಾಕಿ ತರ್ತೀನಿ ಅಂತ ಹೋದ್ರು. ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದ್ರೆ ಸುಳ್ಳು, ಚೆನ್ನಾಗೇ ಬಂತು. ಬೆಳಿಗ್ಗೆ ಎದ್ದಾಗ ಮಾತ್ರ ತಂಗಿ ಕೇಳಿದಳು, ಶಿವಮೊಗ್ಗ ದಾರೀಲಿ ಲೈಟು ಹತ್ತಿದ್ರೆ ಅವರು ಗಾಡಿ ನಿಲ್ಲಿಸ್ತಾರಾ, ಓಡಿಸ್ತಾರಾ ಅಂತ. ಅದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ. ಆರು ದಿನ ಇತ್ತು.

ಸೆನ್ಸರಿಗೆ ನಾಲ್ಕು ವೈರು, ಎರಡು ಹೀಟರಿನವು. ಲ್ಯಾಬಿಗೆ ಅಂತ ತಗೊಂಡಿದ್ದ ಮಲ್ಟಿಮೀಟರ್ ಇಟ್ಟು ನೋಡಿದ್ವಿ. ಹೀಟರ್ 6 ಓಮ್, ಜೀವಂತ ಇದೆ. ಗಾಡಿ ಕಡೆಯ ಕನೆಕ್ಟರಿಗೆ ಕೀ ಆನ್ ಮಾಡಿದಾಗ 12.4 ವೋಲ್ಟ್ ಬರ್ತಿದೆ. ಫ್ಯೂಸ್ ಸರಿ ಇದೆ. ಎಲ್ಲಾ ಸರಿ ಇದೆ! ಹಾಗಾದ್ರೆ ಇಸಿಯುನೇ ಹೋಗಿರಬೇಕು ಅಂತ ತೀರ್ಮಾನಿಸಿ, ಅದರ ರೇಟು ಹುಡುಕಿ, ಹೆದರಿ ಫೋನ್ ಕೆಳಗಿಟ್ವಿ.

ಮೂರನೇ ದಿನ ಬ್ಯಾಟರಿ ಅಂಗಡಿಯ ತಾತನ ಹತ್ರ ಹೋದ್ವಿ. ನಾವು ಪಿ0135 ಅಂತ ಶುರು ಮಾಡಿದ್ದನ್ನ ಅವರು ಕೇಳಿಸ್ಕೊಳ್ಳಲೇ ಇಲ್ಲ. ಡ್ರಾಯರಿನಿಂದ ಒಂದು ಇಂಡಿಕೇಟರ್ ಬಲ್ಬು ತೆಗೆದು, ಎರಡು ವೈರು ಬೆಸುಗೆ ಹಾಕಿ ಕೊಟ್ಟರು. "ಮೀಟ್ರು ಬರೇ ಮೂಸಿ ನೋಡ್ತತಿ. ಇದು ಉಂಡು ನೋಡ್ತತಿ. ಇದನ್ನ ಹಚ್ಚಿ ನೋಡ್ರಿ."

ಸೆನ್ಸರಿನ ಜಾಗದಲ್ಲಿ ಬಲ್ಬು ಹಚ್ಚಿದ್ವಿ. ಉರೀತು, ಆದ್ರೆ ಎಣ್ಣೆ ಮುಗಿದ ದೀಪದ ಹಾಗೆ ಮಂಕಾಗಿ. ಅಲ್ಲಿ ನಾವಿಬ್ಬರೂ ಮುಖ ಮುಖ ನೋಡ್ಕೊಂಡ್ವಿ. ಇದು ಓಮ್ಸ್ ಲಾ, ಹತ್ತನೇ ಕ್ಲಾಸು. ದಾರಿಯಲ್ಲಿ ಎಲ್ಲೋ ಕೆಟ್ಟ ಜಾಗ ಇದ್ದು ಅಲ್ಲಿ 5 ಓಮ್ ಅಡ್ಡ ಕೂತಿದೆ ಅಂತಿಟ್ಕೊಳ್ಳಿ. ಮಲ್ಟಿಮೀಟರ್ ಕರೆಂಟೇ ಎಳೆಯಲ್ಲ, ಅದಕ್ಕೆ ಪೂರ್ತಿ 12 ಕಾಣುತ್ತೆ. 6 ಓಮಿನ ಹೀಟರ್ ಎಳೆದಾಗ ಮಾತ್ರ ಹತ್ತಿರ ಹತ್ತಿರ ಅರ್ಧ ವೋಲ್ಟೇಜ್ ದಾರಿಯಲ್ಲೇ ಖರ್ಚು. ಬೇಸಿಕ್ ಎಲೆಕ್ಟ್ರಿಕಲ್ಸ್‌ನಲ್ಲಿ ಒಳ್ಳೇ ಮಾರ್ಕ್ಸ್ ಬಂದಿದೆ, ಗ್ರೇಡ್ ಕಾರ್ಡ್ ಬೇಕಾದ್ರೆ ತೋರಿಸ್ತೀವಿ.

ಬಲ್ಬು ಹಚ್ಚಿಟ್ಟು ಒಬ್ಬರು ಅದನ್ನೇ ನೋಡ್ತಾ, ಇನ್ನೊಬ್ಬರು ವೈರಿನ ಕಟ್ಟನ್ನ ಗೇಣು ಗೇಣಾಗಿ ಅಲುಗಾಡಿಸ್ತಾ ಹೋದ್ವಿ. ಎಂಜಿನ್ ಹಿಂದೆ, ಬಗ್ಗಿ ಹೋಗೋ ಜಾಗದಲ್ಲಿ ಕೈ ಇಟ್ಟಾಗ ಬಲ್ಬು ಮಿಟುಕಿತು. ಟೇಪ್ ಬಿಚ್ಚಿದ್ರೆ ಒಳಗೆ ಹಲ್ಲಿನ ಗುರುತು. ಇಲಿ! ನಮ್ಮ ಕಾರು ನಿಲ್ಲೋದು ಪಕ್ಕದ ವ್ಯಾಪಾರಿಯ ಶೆಡ್ಡಿನಲ್ಲಿ, ಒಂದು ಕಡೆ ಅಡಿಕೆ ಚೀಲ, ಇನ್ನೊಂದು ಕಡೆ ಮೆಕ್ಕೆಜೋಳ. ಉಂಡ ಇಲಿ ಬೆಚ್ಚಗಿನ ಎಂಜಿನ್ ಮೇಲೆ ಬಂದು ಹಲ್ಲು ಮಸೆದಿದೆ. ತಾಮ್ರ ಮಳೆ ನೀರಿಗೆ ಹಸಿರುಗಟ್ಟಿ ಎರಡು ಎಳೆ ಉಳಿದಿದ್ವು. ಗಾಡಿ ಕುಲುಕಿದಾಗ ಕೆಲವು ಸಲ ತಾಗ್ತಿತ್ತು, ಕೆಲವು ಸಲ ಇಲ್ಲ. ಕೋಡ್ ಮೊದಲ ದಿನದಿಂದ 'ಸರ್ಕ್ಯೂಟ್' ಅಂತಲೇ ಹೇಳ್ತಿತ್ತು. ಓದಿದವರೆಲ್ಲ 'ಸೆನ್ಸರ್' ಅಂತ ಓದ್ಕೊಂಡಿದ್ರು, ಗ್ಯಾರೇಜಿನವರೊಬ್ಬರೇ ಅಲ್ಲ.

ಹೊಸ ವೈರು, ಬೆಸುಗೆ, ಮೇಲೆ ಸ್ಲೀವು, ಎಲ್ಲಾ ಸೇರಿ 180 ರೂಪಾಯಿ. ಬಲ್ಬಿಗೆ ತಾತ ದುಡ್ಡು ತಗೊಳ್ಳಲಿಲ್ಲ. ಸೂಳೆಕೆರೆ ಏರಿ ಮೇಲೆ ಹೋಗಿ ಬಂದ್ವಿ, ಮಾರನೇ ದಿನ ಸಂತೆಬೆನ್ನೂರಿಗೆ ಹೋಗಿ ಬಂದ್ವಿ. ಆಮೆ ಬರಲಿಲ್ಲ. ಸ್ಕ್ಯಾನರಿನಲ್ಲಿ ಹೀಟರ್ ಮಾನಿಟರ್ 'ಕಂಪ್ಲೀಟ್' ಅಂತ ತೋರಿಸ್ತು. (ಹಳೇ ಕಾರು ಕೊಳ್ಳೋರು ಇದೊಂದನ್ನ ನೋಡಿ: ಕೋಡ್ ಈಗಷ್ಟೇ ಅಳಿಸಿದ ಗಾಡಿಯಲ್ಲಿ ಈ ಮಾನಿಟರ್‌ಗಳು 'ಇನ್‌ಕಂಪ್ಲೀಟ್' ಇರ್ತವೆ. ನಮ್ಮ ಯಜಮಾನ್ರ ಹತ್ರ ಸ್ಕ್ಯಾನರ್ ಇದ್ದಿದ್ರೆ ಅವತ್ತೇ ಸಿಕ್ಕಿಬೀಳ್ತಿದ್ವಿ.)

ಜಗಳ ಆಗಿದ್ದು ಆಮೇಲೆ. ಯಜಮಾನ್ರಿಗೆ ಎಲ್ಲಾ ಹೇಳ್ತೀವಿ ಅಂದಾಗ ಅಪ್ಪ ರೇಗಿದ್ರು. "ರಿಪೇರಿ ಆಗೇತಲ್ಲ, ಇನ್ನೇನ್ ಹೇಳೋದು? ಹೇಳಿದ್ರೆ ರೇಟ್ ಇಳಿಸ್ತಾರಷ್ಟೇ." ಅಪ್ಪನ ಮಾತಿನಲ್ಲಿ ತಪ್ಪು ಹುಡುಕೋದು ಕಷ್ಟ, ಈಗಲೂ. ಆದ್ರೆ ಇಲಿ ಒಂದೇ ವೈರಿಗೆ ಬಾಯಿ ಹಾಕಿದೆ ಅಂತ ನಮಗೆ ಗ್ಯಾರಂಟಿ ಇರಲಿಲ್ಲ, ಮತ್ತೆ ಅವರು ಕೇಳಿದ್ದು ಅಪ್ಪನ್ನಲ್ಲ, ನಮ್ಮನ್ನ. ಅಮ್ಮ ಮಾತ್ರ, "ಫೀಸು ಯಾರದ್ದು ಕಟ್ಟೋದು? ಅವ್ರೇ ಹೇಳ್ಲಿ ಬಿಡ್ರಿ" ಅಂದ್ರು.

ಭಾನುವಾರ ಯಜಮಾನ್ರ ಕೈಗೆ ಕತ್ತರಿಸಿ ತೆಗೆದ ವೈರಿನ ತುಂಡು ಕೊಟ್ವಿ. ತಿರುಗಿಸಿ ನೋಡಿದ್ರು. "ಹೋದ ವಾರ ಏನೂ ಇಲ್ಲ ಅಂದಿದ್ರಲ್ಲ?" ಅಂದ್ರು. ನಾವು ತಲೆ ಎತ್ತಲಿಲ್ಲ. ಅಪ್ಪ ಹೇಳಿದ ಹಾಗೇ ಆಯ್ತು, ಎಂಟು ಸಾವಿರ ಇಳಿಸಿದ್ರು. ಅಪ್ಪ ಎರಡು ದಿನ ನಮ್ಮ ಜೊತೆ ಬಾಯಿಬಿಡಲಿಲ್ಲ. ಫೀಸಿಗೆ ಕಮ್ಮಿ ಬಿದ್ದದ್ದನ್ನ ಚಿಕ್ಕಪ್ಪ ಕೊಟ್ಟಿದ್ದಾರೆ, ಇನ್ನೂ ತೀರಿಸಬೇಕು. ಹೊರಡುವಾಗ ಯಜಮಾನ್ರು ನಮ್ಮ ನಂಬರ್ ಬರೆಸ್ಕೊಂಡ್ರು: "ಹತ್ತಿದ್ರೆ ನಿಮ್ಮನ್ನೇ ಕರೀತೀನಿ."

ಕಳೆದ ವಾರ ಡಿಎಸ್ ಲ್ಯಾಬಿನಲ್ಲಿದ್ದಾಗ ಅವರ ಮೊಮ್ಮಗನ ವಾಟ್ಸಾಪ್ ಬಂತು. ಮೀಟರಿನ ಫೋಟೋ, ಮಬ್ಬು ಮಬ್ಬು, ಮಧ್ಯದಲ್ಲಿ ಒಂದು ಹಳದಿ ಲೈಟು. ಕೆಳಗೆ 'ಅಣ್ಣಾ ಇದೇನಾ?' ಅಂತ ಒಂದೇ ಸಾಲು. ಜೂಮ್ ಮಾಡಿ, ಮತ್ತೆ ಜೂಮ್ ಮಾಡಿ, ಊರಲ್ಲಿದ್ದ ತಂಗಿಗೂ ಫಾರ್ವರ್ಡ್ ಮಾಡಿದ್ವಿ. ಅವಳ ಉತ್ತರ ಮೊದಲು ಬಂತು: ಪೆಟ್ರೋಲ್ ಹಾಕಿಸ್ಬೇಕಂತೆ.